ದನಿಗೆ ಮದ್ದು: ಮೇಣದಿಂದ ಜೆಲ್‌ವರೆಗೆ

ನಮ್ಮ ಉಗಾರ ಖುರ್ದದ ಕಡೆ ಶ್ರೀಕೃಷ್ಣ ಪಾರಿಜಾತ ಅಂದ್ರ ರಾತ್ರಿಯಿಡೀ ಹಾಡು. ನಾ ಬಿ.ಕಾಂ. ಓದಿದಾಂವ, ನನ್ನ ಲೆಕ್ಕದಾಗ ಆ ಕಲಾವಿದರ ಬಂಡವಾಳ ದನಿ. ಅದೇ ಒಡೆದ್ರ?

ಮಾತಾಡುವಾಗ ಎರಡು ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100ರಿಂದ 200 ಸಲ ಅದುರುತ್ತವೆ. ಅವು ಸರಿಯಾಗಿ ಕೂಡದಿದ್ದರೆ ಗಾಳಿ ಸೋರಿ ದನಿ ಬೀಳ್ತೈತಿ. 1911ರಲ್ಲಿ ಜರ್ಮನಿಯ ವೈದ್ಯ ವಿಲ್ಹೆಲ್ಮ್ ಬ್ರೂನಿಂಗ್ಸ್ ಆ ಸಂದಿ ಮುಚ್ಚಲು ಪ್ಯಾರಾಫಿನ್ ಮೇಣ ಚುಚ್ಚಿದರು. 1960ರ ದಶಕದಲ್ಲಿ ಟೆಫ್ಲಾನ್ ಬಂತು. ಹೌದ್ರೀ, ನಾನ್‌ಸ್ಟಿಕ್ ತವಾದ್ದೇ! ಸಂದಿ ಮುಚ್ಚಿತು, ಆದರೆ ಕೆಲವರಿಗೆ ಗಂಟು ಕಟ್ಟಿ ತಂತು ಬಿರುಸಾಯ್ತು.

ಬಿರುಸಾದ್ರ ಏನಾತು? 1974ರಲ್ಲಿ ಜಪಾನಿನ ಮಿನೋರು ಹಿರಾನೊ ವಿವರಿಸಿದರು: ತಂತು ಪದರ ಪದರವಾಗಿ ಇರ್ತೈತಿ, ಮೇಲಿನ ಮೆತ್ತನೆ ಪದರ ಅಲೆಯಂತೆ ಆಡಿದ್ರೇ ದನಿ ಚಂದ. ಗಾಯದ ಕಲೆ ಕೆಡಿಸೋದು ಇದನ್ನೇ.

ಆ ಪದರದೊಳಗ ಹೈಲುರಾನಿಕ್ ಆ್ಯಸಿಡ್ ಐತಿ. ಫೇಸ್ ಸೀರಮ್ ಬಾಟ್ಲಿ ಮ್ಯಾಲ ಓದಿರ್ತೀರಿ. 1934ರಲ್ಲಿ ಕಾರ್ಲ್ ಮೇಯರ್, ಜಾನ್ ಪಾಮರ್ ಅದನ್ನು ದನದ ಕಣ್ಣಿನಿಂದ ಬೇರ್ಪಡಿಸಿದ್ದರು. ಈಗ ಅದರ ಜೆಲ್ ಚುಚ್ಚುತ್ತಾರೆ. ಆದರೆ ಕೆಲವು ತಿಂಗಳಲ್ಲಿ ಕರಗ್ತೈತಿ. ಕಲೆಗೆ ಪೂರ್ತಿ ಮದ್ದು ಇನ್ನೂ ಸಿಕ್ಕಿಲ್ಲ.

ಅದಕ್ಕ ಹಾಡೋರೇ, ದನಿ ಒಡೆದು ಮೂರ್ನಾಲ್ಕು ವಾರವಾದ್ರೂ ಸರಿಯಾಗದಿದ್ರ ಕಿವಿ-ಮೂಗು-ಗಂಟಲು ಡಾಕ್ಟರ್‌ಗೆ ತೋರಿಸ್ರಿ.