ಘಟಪ್ರಭೆಯ ಪಕ್ಷಿಧಾಮ

ರಾಯಬಾಗದ ದಕ್ಷಿಣಕ್ಕೆ, ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ, 19ನೆಯ ಶತಮಾನದ ಕೊನೆಗೆ ಘಟಪ್ರಭೆಗೆ ಒಡ್ಡು ಕಟ್ಟಿದವರು ಬಯಸಿದ್ದು ಕಾಲುವೆಗೆ ನೀರನ್ನು, ಹಕ್ಕಿಗಳನ್ನಲ್ಲ. ಆದರೆ ನೀರು ನಿಂತೆಡೆಗೆ ಅವು ತಾವಾಗಿಯೇ ಬಂದವು. ಡೆಮೊಸೆಲ್ ಕ್ರೌಂಚಗಳೂ ಯುರೋಪಿನ ಬಿಳಿ ಕೊಕ್ಕರೆಗಳೂ ಚಳಿಗಾಲದಲ್ಲಿ ಇಲ್ಲಿಗೆ ವಲಸೆ ಬರುತ್ತವೆ.

ರಂಗನತಿಟ್ಟಿನ ಕಥೆಯೂ ಇಂತಹುದೇ. ಕಾವೇರಿಯ ಹಳೆಯ ಕಟ್ಟೆಯಿಂದ ಉಂಟಾದ ಆ ನಡುಗಡ್ಡೆಗಳನ್ನು ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನವು 1940ರಲ್ಲಿ ಪಕ್ಷಿಧಾಮವೆಂದು ಸಾರಿತು. ಧೂಪದಾಳದ ಸುತ್ತಣ ಸುಮಾರು 30 ಚದರ ಕಿಲೋಮೀಟರಿಗೆ ಆ ರಕ್ಷಣೆ ದೊರೆತದ್ದು 1974ರಲ್ಲಿ.

ಕಾನೂನು ಬೇಟೆಗಾರನನ್ನು ತಡೆದೀತು. ನೋಡಬಂದವರ ಗದ್ದಲವನ್ನು ತಡೆಯುವವರಾರು? ಬೆದರಿದ ಹಕ್ಕಿ ಮೇವನ್ನು ಬಿಟ್ಟು ಹಾರುತ್ತದೆ. ಮುಂದಿನ ದೀರ್ಘಪಯಣಕ್ಕೆ ಕೂಡಿಡಬೇಕಾದ ಕಸುವನ್ನು ಅಲ್ಲಿಯೇ ವ್ಯಯಿಸುತ್ತದೆ. ಆದುದರಿಂದ ನಾವು ಬುತ್ತಿಯನ್ನು ದಡದಿಂದ ದೂರದಲ್ಲಿ ಬಿಚ್ಚೋಣ. ದುರ್ಬೀನಿನಿಂದ, ಮೌನವಾಗಿ ನೋಡೋಣ.