ಹಸುವಿನ ಗೊರಕೆ ಶೀತದಿಂದಲೇ? ಮೂಗಿನ ರಕ್ತನಾಳದಲ್ಲಿ ಬದುಕುವ ಹುಳುವಿನ ಕಥೆ

ರಾತ್ರಿ ಕೊಟ್ಟಿಗೆಯಿಂದ ಗೊರಗೊರ ಸದ್ದು ಬಂದರೆ ಹಸುವಿಗೆ ಶೀತವಾಗಿದೆ ಎಂದುಕೊಳ್ಳುತ್ತೇವೆ. ದೃಷ್ಟಿಯಾಗಿದೆ ಎನ್ನುವವರೂ ಇದ್ದಾರೆ. ಮೂಗಿಗೆ ಜಿಗಣೆ ಹೊಕ್ಕಿರಬಹುದು ಎಂಬ ಊಹೆ ಮಾತ್ರ ಅಷ್ಟು ಸುಳ್ಳಲ್ಲ, ಅದೂ ಆಗುವುದುಂಟು. ಆದರೆ ವಾರಗಟ್ಟಲೆ ಗೊರಕೆ ನಿಲ್ಲದೆ, ಮೂಗಿನಿಂದ ಕೀವು ಮಿಶ್ರಿತ ಸಿಂಬಳ, ಆಗಾಗ ರಕ್ತ ಬರುತ್ತಿದ್ದರೆ ಅದು 'ಗೊರಕೆ ರೋಗ' ಇರಬಹುದು.

ಇದಕ್ಕೆ ಕಾರಣ ಶಿಸ್ಟೊಸೋಮಾ ನೇಸೇಲ್ ಎಂಬ ಚಪ್ಪಟೆ ಹುಳುಗಳ ಗುಂಪಿನ ಜೀವಿ. 1933ರಲ್ಲಿ ಎಂ. ಅನಂತನಾರಾಯಣ ರಾವ್ ಇದನ್ನು ವಿವರಿಸಿದರು. ಗಂಡು ಹುಳು ತನ್ನ ಮೈಯ ಮಡಿಕೆಯಲ್ಲಿ ಹೆಣ್ಣನ್ನು ಅಪ್ಪಿಕೊಂಡೇ ಮೂಗಿನ ರಕ್ತನಾಳದಲ್ಲಿ ಬದುಕುತ್ತದೆ. ಹಸುವನ್ನು ಕಾಡುವುದು ಹುಳುವಿಗಿಂತ ಹೆಚ್ಚಾಗಿ ಅದರ ಮೊಟ್ಟೆ. ಮೊಟ್ಟೆಯ ಸುತ್ತ ದೇಹ ಗಂಟು ಕಟ್ಟುತ್ತದೆ, ಗಂಟುಗಳು ಹೂಕೋಸಿನಂತೆ ಬೆಳೆದು ಉಸಿರಿನ ದಾರಿ ಮುಚ್ಚುತ್ತವೆ. ಮೇವು ತಿನ್ನಲೂ ಕಷ್ಟವಾಗಿ ಹಾಲು ಇಳಿಯುತ್ತದೆ.

ಹುಳು ಹರಡುವುದು ಹೇಗೆ? ಹಸು ನೀರು ಕುಡಿಯಲು ಮೂತಿ ಇಟ್ಟಾಗ ಸಿಂಬಳದ ಜೊತೆ ಮೊಟ್ಟೆ ಕೆರೆಗೆ ಬೀಳುತ್ತದೆ. ಅದು ಒಡೆದು ಹೊರಬಂದ ಮರಿ, ಇಂಡೋಪ್ಲಾನಾರ್ಬಿಸ್ ಎಂಬ ನೀರಿನ ಬಸವನಹುಳುವಿನೊಳಗೆ ಸೇರಿ ಕೆಲವು ವಾರಗಳಲ್ಲಿ ಸಾವಿರಾರಾಗುತ್ತದೆ. ಕವಲು ಬಾಲದ ಆ ಮರಿಗಳು ನೀರಿಗಿಳಿದು, ದನದ ಚರ್ಮ ಕೊರೆದು ಒಳಹೊಕ್ಕು, ರಕ್ತದಲ್ಲಿ ಸಾಗಿ ಮೂಗು ತಲುಪುತ್ತವೆ. ಭದ್ರಾ ನಾಲೆಯ ನೀರು ಹರಿಯುವ ಭದ್ರಾವತಿ ಕಡೆಯ ಗದ್ದೆ, ಕೆರೆ, ನಿಂತ ನೀರಿನ ಹೊಂಡಗಳು ಇಂಥ ಬಸವನಹುಳುವಿಗೆ ಹೇಳಿಮಾಡಿಸಿದ ಜಾಗ.

ಸಗಣಿ ಪರೀಕ್ಷೆ ಮಾಡಿಸಿದರೆ ಇದು ಸಿಗುವುದಿಲ್ಲ, ಏಕೆಂದರೆ ಮೊಟ್ಟೆ ಹೊರಬರುವುದು ಮೂಗಿನಿಂದ. ಸಿಂಬಳವನ್ನು ಕ್ಷಾರದಲ್ಲಿ ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬೂಮರಾಂಗ್‌ನಂತೆ ಬಾಗಿದ ಮೊಟ್ಟೆ ಕಂಡರೆ ರೋಗ ಖಚಿತ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಆಗದಿದ್ದರೆ ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ.

ಅಂಗಡಿಯಲ್ಲಿ ಸಿಗುವ ಮಾಮೂಲಿ ಜಂತುಹುಳುವಿನ ಔಷಧಿ ಕುಡಿಸಿ ಸುಮ್ಮನಾಗುವುದು ದುಡ್ಡು ದಂಡ. ಇದಕ್ಕೆ ವೈದ್ಯರು ಕೊಡುವುದು ಆಂಟಿಮನಿ ಇರುವ ಚುಚ್ಚುಮದ್ದು ಅಥವಾ ಪ್ರಾಜಿಕ್ವಾಂಟೆಲ್. ಹಸು ಗಬ್ಬವಾಗಿದ್ದರೆ ಮೊದಲೇ ಹೇಳಿ.

ಇನ್ನೊಂದು ಮಾತು ಎಮ್ಮೆಯ ಬಗ್ಗೆ. ಎಮ್ಮೆ ಸಾಮಾನ್ಯವಾಗಿ ಗೊರಕೆ ಹೊಡೆಯುವುದಿಲ್ಲ, ಆದರೂ ಅದರ ಸಿಂಬಳದಲ್ಲಿ ಮೊಟ್ಟೆ ಇರಬಹುದು. ಹಸುವಿಗೆ ಚಿಕಿತ್ಸೆ ಕೊಡಿಸಿ ಎಮ್ಮೆಯನ್ನು ಅದೇ ಹೊಂಡಕ್ಕೆ ಬಿಟ್ಟರೆ ಕಾಯಿಲೆ ಮರಳಿ ಬರುತ್ತದೆ. ಸಾಧ್ಯವಾದರೆ ತೊಟ್ಟಿಯಲ್ಲೇ ನೀರು ಕುಡಿಸಿ.

ಮನುಷ್ಯರಿಗೆ ಬರುತ್ತದೆಯೇ? ಹಾಲಿನಿಂದ ಇಲ್ಲ. ದನಗಳ ಇಂಥ ಹುಳುವಿನ ಮರಿ ನಾಟಿ ಮಾಡುವವರ ಕಾಲಿಗೆ ಹೊಕ್ಕರೆ ಅಲ್ಲೇ ಸಾಯುತ್ತದೆ. ಉಳಿಯುವುದು ಕೆಲವು ದಿನಗಳ ತುರಿಕೆ, ಕೆಂಪು ಗುಳ್ಳೆ. ಆಫ್ರಿಕಾದಲ್ಲಿ ಜನರನ್ನು ಕಾಡುವ ಬಿಲ್ಹಾರ್ಜಿಯಾ ಇದೇ ಕುಲದ ಬೇರೆ ಹುಳುಗಳಿಂದ ಬರುವಂಥದ್ದು.