ಕಂಬಳಿ ಕೊಪ್ಪೆಯಿಂದ ಟೋಪಿ ಸ್ವೆಟರ್‌ವರೆಗೆ

ಡಿಸೆಂಬರ್ ತಿಂಗಳ ಮುಂಜಾನೆ ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ವಾಯುವಿಹಾರಕ್ಕೆ ಹೊರಟವರ ಮೈಮೇಲೆ ಟೋಪಿ ಸೇರಿಸಿ ಹೆಣೆದ ಸ್ವೆಟರ್ ಕಾಣುವುದು ಈಗ ಸಾಮಾನ್ಯ. ಇದೇನು ಹೊಸ ಕಾಲದ ಷೋಕಿ ಎಂದು ಹಿರಿಯರು ಮೂಗು ಮುರಿಯಬಹುದು. ಆದರೆ ತಲೆ, ಬೆನ್ನು ಎರಡನ್ನೂ ಒಂದೇ ಹೊದಿಕೆಯಿಂದ ಮುಚ್ಚುವ ಉಪಾಯ ಕನ್ನಡ ನಾಡಿಗೆ ಹೊಸದೇನಲ್ಲ. ಮಳೆಗಾಲದಲ್ಲಿ ಮಲೆನಾಡಿನ ರೈತರು ಕಂಬಳಿಯನ್ನೇ ಮಡಚಿ ತಲೆಗೇರಿಸುವ ಕೊಪ್ಪೆ ಇದರ ಹಿರಿಯಣ್ಣ.

ಎರಡಕ್ಕೂ ಇರುವ ವ್ಯತ್ಯಾಸ ಒಂದೇ. ಕಂಬಳಿ ನೇಯ್ದ ಬಟ್ಟೆ, ಸ್ವೆಟರ್ ಹೆಣೆದ ಬಟ್ಟೆ. ಮಗ್ಗದಿಂದ ಇಳಿಯುವ ಬಟ್ಟೆ ನೇರವಾಗಿಯೇ ಇರುತ್ತದೆ. ಅದಕ್ಕೆ ಮೈಯ ಆಕಾರ ಬರಬೇಕಾದರೆ ಮಡಚಬೇಕು, ಇಲ್ಲವೇ ದರ್ಜಿ ಕತ್ತರಿ ಹಿಡಿಯಬೇಕು. ಹೆಣಿಗೆಯಲ್ಲಾದರೋ ಬಟ್ಟೆ ಹುಟ್ಟುವಾಗಲೇ ಆಕಾರವೂ ಹುಟ್ಟುತ್ತದೆ. ಈ ಒಂದು ಗುಣಕ್ಕಾಗಿ ಇಂಗ್ಲೆಂಡಿನಲ್ಲಿ ದೊಡ್ಡ ಜಗಳವೇ ನಡೆದುಹೋಗಿದೆ.

ರಾಣಿಯ ನಿರಾಕರಣೆ

ನಾಟಿಂಗ್‌ಹ್ಯಾಮ್ ಬಳಿಯ ಕ್ಯಾಲ್ವರ್ಟನ್ ಊರಿನ ಪಾದ್ರಿ ವಿಲಿಯಂ ಲೀ 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರ ಕಂಡುಹಿಡಿದ. ಕೈಹೆಣಿಗೆಯಿಂದ ಹೊಟ್ಟೆ ಹೊರೆಯುವ ಬಡವರ ಗತಿ ಏನೆಂದು ಕೇಳಿ ಒಂದನೇ ಎಲಿಜಬೆತ್ ರಾಣಿ ಅವನಿಗೆ ಹಕ್ಕುಪತ್ರ ನಿರಾಕರಿಸಿದಳೆಂದು ಪ್ರತೀತಿ. ಲೀ ಫ್ರಾನ್ಸಿಗೆ ಹೋದ. ಅವನಿಗೆ ಆಸರೆಯಾಗಿದ್ದ ದೊರೆ ನಾಲ್ಕನೇ ಹೆನ್ರಿ 1610ರಲ್ಲಿ ಕೊಲೆಯಾದ ಮೇಲೆ ಅಲ್ಲಿಯೂ ಅವನ ಕೈ ಹಿಡಿಯುವವರು ಇಲ್ಲವಾದರು. ಅವನ ಸಾವಿನ ನಂತರ ತಮ್ಮ ಜೇಮ್ಸ್ ಯಂತ್ರಗಳೊಂದಿಗೆ ಇಂಗ್ಲೆಂಡಿಗೆ ಮರಳಿದ. ಕ್ರಮೇಣ ಅದೇ ಸೀಮೆಯಲ್ಲಿ ಯಂತ್ರ ಹೆಣಿಗೆ ಬೇರೂರಿತು.

ಸುಮಾರು ಇನ್ನೂರು ವರ್ಷಗಳ ಬಳಿಕ, 1811ರಲ್ಲಿ, ನಾಟಿಂಗ್‌ಹ್ಯಾಮ್‌ನ ಹೆಣಿಗೆಗಾರರೇ ಯಂತ್ರಗಳನ್ನು ಒಡೆಯತೊಡಗಿದರು. ಇವರೇ ಇತಿಹಾಸದ ಲುಡ್ಡೈಟರು. ಯಂತ್ರವನ್ನು ಕಂಡರಾಗದ ಜನ ಎಂದು ಇವರನ್ನು ಹಂಗಿಸುವುದುಂಟು. ಆದರೆ ಇವರು ಅದೇ ಯಂತ್ರದಿಂದ ಬದುಕಿದವರು. ಅಗಲವಾದ ಬಟ್ಟೆ ಹೆಣೆಸಿ, ಕತ್ತರಿಸಿ, ಹೊಲಿದು ಕಾಲುಚೀಲವೆಂದು ಅಗ್ಗಕ್ಕೆ ಮಾರುವ ಮಾಲೀಕರ ಪದ್ಧತಿ ಅವರ ಮುಖ್ಯ ದೂರುಗಳಲ್ಲೊಂದು. ಅಂಥ ಮಾಲು ಬೇಗ ಬಿಚ್ಚಿಕೊಳ್ಳುತ್ತಿತ್ತು. ಕಸಬಿನ ಹೆಸರೂ ಕೆಟ್ಟಿತು, ಕೂಲಿಯೂ ಇಳಿಯಿತು. 1812ರಲ್ಲಿ ಯಂತ್ರ ಒಡೆದವರಿಗೆ ಮರಣದಂಡನೆ ವಿಧಿಸುವ ಕಾಯ್ದೆ ಬಂತು. ಪ್ರಭುಗಳ ಸಭೆಯಲ್ಲಿ ಅದನ್ನು ವಿರೋಧಿಸಿ ಮಾತನಾಡಿದವರಲ್ಲಿ ಕವಿ ಬೈರನ್ ಒಬ್ಬ.

ಸೂಜಿಗಳ ಲೆಕ್ಕ

ಇಂದು ಮನೆಗಳಲ್ಲಿ ಬಳಸುವ ಹೆಣಿಗೆ ಯಂತ್ರದ ಜೀವಾಳ ನಾಲಿಗೆಯುಳ್ಳ ಕೊಕ್ಕೆಸೂಜಿ. ಇದು ಹತ್ತೊಂಬತ್ತನೇ ಶತಮಾನದ ನಡುವೆ ಲೆಸ್ಟರ್‌ನ ಮ್ಯಾಥ್ಯೂ ಟೌನ್‌ಸೆಂಡ್ ಕೊಟ್ಟ ಕೊಡುಗೆ. ಕೊಕ್ಕೆ ಹೊಸ ನೂಲನ್ನು ಹಿಡಿಯುತ್ತದೆ, ನಾಲಿಗೆ ಮುಚ್ಚಿಕೊಳ್ಳುತ್ತದೆ, ಹಳೆಯ ಕುಣಿಕೆ ಅದರ ಮೇಲಿಂದ ಜಾರುತ್ತದೆ. ಸಾಮಾನ್ಯ ಯಂತ್ರದಲ್ಲಿ 4.5 ಮಿಲಿಮೀಟರ್ ಅಂತರದಲ್ಲಿ ಇಂಥ 200 ಸೂಜಿಗಳಿರುತ್ತವೆ. ಮೇಲಿನ ಕ್ಯಾರೇಜನ್ನು ಒಮ್ಮೆ ಎಳೆದರೆ ಒಂದು ಸಾಲು ಮುಗಿಯಿತು.

ಹೆಣೆಯುವ ಮೊದಲು ಸಣ್ಣ ಮಾದರಿ ತುಂಡು ಹೆಣೆದು ಅಳೆಯಬೇಕು. 10 ಸೆಂಟಿಮೀಟರಿಗೆ 28 ಕುಣಿಕೆ, 40 ಸಾಲು ಬಂತೆನ್ನಿ. ಆಗ 50 ಸೆಂಟಿಮೀಟರ್ ಅಗಲದ ಬೆನ್ನಿಗೆ 140 ಸೂಜಿ, 32 ಸೆಂಟಿಮೀಟರ್ ಎತ್ತರದ ಟೋಪಿಗೆ 128 ಸಾಲು ಬೇಕು. ಅಗಲ ಕಿರಿದಾಗಬೇಕಾದ ಕಡೆ ಅಂಚಿನ ಕುಣಿಕೆಯನ್ನು ಪಕ್ಕದ ಸೂಜಿಗೆ ದಾಟಿಸಿ, ಖಾಲಿಯಾದ ಸೂಜಿಯನ್ನು ಕೆಲಸದಿಂದ ಬಿಡಿಸುತ್ತಾರೆ. ಹಿಗ್ಗಬೇಕಾದ ಕಡೆ ಹೊಸ ಸೂಜಿ ಸೇರಿಸುತ್ತಾರೆ. ಕಂಕುಳಿನ ಬಾಗು, ತೋಳಿನ ಇಳಿಜಾರು ಎಲ್ಲವೂ ಮೂಡುವುದು ಹೀಗೆಯೇ.

ಟೋಪಿಯಲ್ಲಿ ಜಾಣತನ ಇನ್ನೂ ಹೆಚ್ಚು ಬೇಕು. ನೇರ ಪಟ್ಟಿಯನ್ನು ಮಡಚಿ ನೆತ್ತಿಯ ಮೇಲೆ ಹೊಲಿದರೆ ಹಿಂದೆ ಮೂಲೆ ಚೂಪಾಗಿ ಎದ್ದು ನಿಲ್ಲುತ್ತದೆ, ಥೇಟು ಕಂಬಳಿ ಕೊಪ್ಪೆಯಂತೆ. ಆದ್ದರಿಂದ ಎರಡು ಹೋಳುಗಳಾಗಿ ಹೆಣೆದು, ನೆತ್ತಿ ಹತ್ತಿರವಾದಂತೆ ಹಿಂಬದಿಯ ಅಂಚಿನಲ್ಲಿ ಕುಣಿಕೆಗಳನ್ನು ಇಳಿಸುತ್ತಾ ಬರುತ್ತಾರೆ. ಎರಡನ್ನೂ ಸೇರಿಸಿ ಹೊಲಿದಾಗ ತಲೆಯ ದುಂಡು ತಾನಾಗಿ ಬರುತ್ತದೆ.

ಲೂಧಿಯಾನದಿಂದ ಮೈಸೂರಿಗೆ

ಮೈಸೂರಿನವರಿಗೆ ಸ್ವೆಟರ್ ಎಂದರೆ ನೆನಪಾಗುವುದು ಚಳಿಗಾಲದಲ್ಲಿ ಟಿಬೆಟನ್ನರು ಹಾಕುವ ಅಂಗಡಿಸಾಲು. 1960ರ ದಶಕದ ಆರಂಭದಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲೆ ಕಂಡ ನಿರಾಶ್ರಿತರಿಗೆ ಬೇಸಾಯದ ಜೊತೆಗೆ ಸ್ವೆಟರ್ ವ್ಯಾಪಾರವೂ ಆಸರೆಯಾಯಿತು. ಇವರು ಮಾರುವ ಮಾಲು ಬಹುಪಾಲು ಪಂಜಾಬಿನ ಲೂಧಿಯಾನದ ಯಂತ್ರಗಳಲ್ಲಿ ಹೆಣೆದದ್ದು.

ಕೊಳ್ಳುವವರು ಕಂಕುಳ ಬಳಿಯ ಹೊಲಿಗೆಯನ್ನೊಮ್ಮೆ ತಿರುವಿ ನೋಡಬೇಕು. ಅಂಚಿನಲ್ಲಿ ಕುಣಿಕೆಗಳು ಜೋಡಿಯಾಗಿ ಓರೆಯಾಗಿ ಕೂತಿದ್ದರೆ ಅದು ಆಕಾರ ಕೊಟ್ಟು ಹೆಣೆದದ್ದು. ಕುಣಿಕೆಯ ಸಾಲುಗಳು ಹೊಲಿಗೆಗೆ ತಗುಲಿ ತುಂಡಾಗಿ ನಿಂತಿದ್ದರೆ ಕತ್ತರಿಸಿ ಹೊಲಿದದ್ದು. ಮಗು ಬೆಳೆದು ಸ್ವೆಟರ್ ಬಿಗಿಯಾದಾಗ ಈ ವ್ಯತ್ಯಾಸ ಮನೆಯವರಿಗೆ ತಿಳಿಯುತ್ತದೆ. ಮೊದಲನೆಯದನ್ನು ಬಿಚ್ಚಿದರೆ ನೂಲು ಎಳೆಎಳೆಯಾಗಿ ಉಂಡೆಗೆ ಮರಳುತ್ತದೆ, ಮತ್ತೊಂದು ಸ್ವೆಟರಿಗೆ ಒದಗುತ್ತದೆ. ಎರಡನೆಯದನ್ನು ಬಿಚ್ಚಿದರೆ ಸಿಗುವುದು ಬರೀ ಚೂರು ನೂಲು.